ಬ್ರೇಕ್ ‘ಹಿಡೀತಾ ಇದೆ’ ಅಂದರೆ ಸರಿ ಇದೆ ಅಂತಲೋ, ಕೆಟ್ಟಿದೆ ಅಂತಲೋ?

ಎಲ್ಲರಿಗೂ ನಮಸ್ಕಾರ.

‘ಹಿಡಿ’ ಎಂಬ ಕ್ರಿಯಾಪದದ ಬಗ್ಗೆ ಒಂದು ಪ್ರಶ್ನೆ. ನಿಘಂಟಿನಲ್ಲಿ ಇದಕ್ಕೆ ಅರ್ಥಗಳು ಬೇಕಾದಷ್ಟಿವೆ. ನಾನು ಕೇಳುತ್ತಿರುವುದು ಗ್ಯಾರೇಜಿನಲ್ಲಿ ಅದು ಪಡೆದಿರುವ ಅರ್ಥವನ್ನು, ಅದರಲ್ಲೂ ಹಳೇ ಕಾರಿನ ಬ್ರೇಕಿನ ವಿಷಯದಲ್ಲಿ. ಈ ನಾಲ್ಕು ಮಾತು ನೋಡಿ.

ಬ್ರೇಕ್ ಚೆನ್ನಾಗಿ ಹಿಡಿಯುತ್ತೆ.
ಬ್ರೇಕ್ ಹಿಡೀತಿಲ್ಲ.
ಬ್ರೇಕ್ ಹಿಡ್ಕೊಂಡಿದೆ.
ಬ್ರೇಕ್ ಹಿಡೀತಾ ಇದೆ, ಸ್ವಲ್ಪ ನೋಡಿ.

ಮೊದಲನೆಯದು ಮೆಚ್ಚುಗೆ. ಎರಡನೆಯದು ದೂರು: ಪೆಡಲ್ ಒತ್ತಿದರೂ ಗಾಡಿ ನಿಲ್ಲೋದಿಲ್ಲ. ಮೂರನೆಯದೂ ದೂರೇ, ಆದರೆ ತದ್ವಿರುದ್ಧ: ಕಾಲು ತೆಗೆದರೂ ಬ್ರೇಕ್ ಚಕ್ರವನ್ನು ಬಿಡೋದಿಲ್ಲ. ಈ ಮೂರರಲ್ಲಿ ಯಾರಿಗೂ ಗೊಂದಲ ಇಲ್ಲ. ತೊಡಕಿರೋದು ನಾಲ್ಕನೆಯದರಲ್ಲಿ. ನಮ್ಮ ಸಾಗರದ ಕಡೆ ಇದನ್ನು ‘ಸುಮ್ಮನೆ ಹೋಗ್ತಿರುವಾಗಲೂ ಹಿಡೀತಾ ಇದೆ’ ಎಂಬ ಅರ್ಥದಲ್ಲಿ ಹೇಳುವವರು ತುಂಬಾ ಜನ. ಅದೇ ಮಾತನ್ನು ಇನ್ನೊಬ್ಬರು ಕೇಳಿದರೆ ‘ಹಿಡೀತಾ ಇದೆಯಲ್ಲ, ಮತ್ತೇನು ನೋಡೋದು?’ ಅಂತಾರೆ.

ಇದು ಬರೀ ಮಾತಿನ ತಕರಾರಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಹೋದ ಮಳೆಗಾಲದ ನಂತರ ನಮ್ಮ ಸಂಬಂಧಿಕರೊಬ್ಬರು ಹಳೇ ಮಾರುತಿ 800 ಒಂದನ್ನು ಕೊಂಡರು. ಹಿಂದಿನ ಬಲಚಕ್ರ ಬಿಗಿಯಾಗಿತ್ತು. ಗ್ಯಾರೇಜೊಂದರಲ್ಲಿ ಬಿಟ್ಟು, ‘ಹಿಂದಿನ ಬ್ರೇಕ್ ಹಿಡೀತಾ ಇದೆ, ನೋಡಿ’ ಅಂತ ಹೇಳಿ ಬಂದರು. ಆ ಮಾತು ಅಲ್ಲಿನ ಹುಡುಗನಿಂದ ಮೇಸ್ತ್ರಿಗೆ ಹೋಗುವಷ್ಟರಲ್ಲಿ ‘ಹಿಂದಿನ ಬ್ರೇಕ್ ನೋಡಬೇಕಂತೆ’ ಎಂದಷ್ಟೇ ಉಳಿಯಿತು. ಹಿಂದಿನ ಬ್ರೇಕ್ ಅಂದರೆ ಸಾಮಾನ್ಯವಾಗಿ ಬರುವ ದೂರು ಹಿಡಿಯೋದಿಲ್ಲ ಅನ್ನೋದೇ. ಅವರು ಹೊಸ ಶೂ (ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಒತ್ತಿ ಅದನ್ನು ನಿಲ್ಲಿಸುವ ಭಾಗ) ಹಾಕಿ, ಅದನ್ನು ಡ್ರಮ್ಮಿಗೆ ಹತ್ತಿರ ತರುವ ಅಡ್ಜಸ್ಟರ್ ಬಿಗಿ ಮಾಡಿ ಕಳಿಸಿದರು. ಮೊದಲೇ ಬಿಡದಿದ್ದ ಬ್ರೇಕ್ ಈಗ ಇನ್ನೂ ಗಟ್ಟಿಯಾಗಿ ಕೂತಿತು. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಡ್ರಮ್ ಕಾದು, ಶೂ ಮೇಲಿನ ಲೈನಿಂಗ್ ಸುಟ್ಟ ವಾಸನೆ ಕಾರಿನೊಳಗೇ ಬಂತು. ನಿಜವಾದ ಕಾಯಿಲೆ ಹ್ಯಾಂಡ್‌ಬ್ರೇಕಿನ ಕೇಬಲ್. ಮಳೆಗಾಲ ಪೂರ್ತಿ ನಿಂತಲ್ಲೇ ನಿಂತಿದ್ದ ಗಾಡಿ ಅದು. ಕವಚದೊಳಗೆ ನೀರು ಹೋಗಿ ತಂತಿ ತುಕ್ಕು ಹಿಡಿದಿತ್ತು. ಎಳೆದರೆ ಬರುತ್ತಿತ್ತು, ಬಿಟ್ಟರೆ ವಾಪಸ್ ಹೋಗುತ್ತಿರಲಿಲ್ಲ. ಕೇಬಲ್ ಬದಲಿಸಿ, ಅಡ್ಜಸ್ಟರ್ ಸಡಿಲಿಸಿದ ಮೇಲೆ ಸರಿಹೋಯಿತು.

ಆ ಗ್ಯಾರೇಜಿನವರದ್ದು ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಒಂದು ಸಲ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದ್ದರೆ ಗೊತ್ತಾಗುತ್ತಿತ್ತು, ಅದು ನಿಜ. ಆದರೆ ‘ಹಿಡ್ಕೊಂಡಿದೆ’ ಅಂತ ಹೇಳಿದ್ದರೆ ಅವರು ಶೂ ತರಲು ಓಡುತ್ತಿರಲಿಲ್ಲ.

ಈಗ ವ್ಯಾಕರಣಕ್ಕೆ ಬರ್ತೀನಿ. ‘ಕೊಳ್ಳು’ ಸೇರಿದ ಕೂಡಲೇ ಈ ಪದ ಯಾಕೆ ಹೀಗೆ ತಿರುಗುತ್ತೆ? ಸೊಂಟ ಹಿಡ್ಕೊಂಡಿದೆ, ಕುತ್ತಿಗೆ ಹಿಡ್ಕೊಂಡಿದೆ ಅಂತೀವಿ. ಆಷಾಢದಲ್ಲಿ ಮರದ ಬಾಗಿಲು ಹಿಡ್ಕೊಳ್ಳುತ್ತೆ. ಮಳೆಯೇ ಹಿಡ್ಕೊಂಡು ವಾರಗಟ್ಟಲೆ ಬಿಡೋದಿಲ್ಲ. ಇಲ್ಲೆಲ್ಲ ಹಿಡಿಯುವವರು ಯಾರೂ ಇಲ್ಲ, ತಾನಾಗಿ ಆಗಿದೆ. ಏನನ್ನು ಹಿಡಿದಿದೆ ಅಂತ ಕೇಳಿದರೆ ಉತ್ತರವೂ ಇಲ್ಲ. ‘ಮಗು ಅಮ್ಮನ ಸೆರಗು ಹಿಡ್ಕೊಂಡಿದೆ’, ‘ಗೋಡೆ ಬಣ್ಣ ಚೆನ್ನಾಗಿ ಹಿಡ್ಕೊಂಡಿದೆ’ ಅನ್ನುವಾಗ ಕರ್ಮಪದ ಇದೆ: ಸೆರಗು, ಬಣ್ಣ. ಅಲ್ಲಿ ದೋಷದ ಸುಳಿವೇ ಇಲ್ಲ. ಹಾಗಾಗಿ ನನ್ನ ಊಹೆ ಇಷ್ಟು: ಜೀವವಿಲ್ಲದ ವಸ್ತು ಅಥವಾ ಮೈಯ ಭಾಗ ಕರ್ತೃವಾಗಿದ್ದು, ಕರ್ಮ ಇಲ್ಲದೆ ‘ಹಿಡ್ಕೊಂಡಿದೆ’ ಬಂದರೆ, ಅಲ್ಲಾಡಬೇಕಾದ್ದು ಅಲ್ಲಾಡುತ್ತಿಲ್ಲ ಅಂತಲೇ ಅರ್ಥ. ಇದಕ್ಕೆ ವಿರುದ್ಧವಾದ ಉದಾಹರಣೆ ನಿಮಗೆ ಹೊಳೆದರೆ ಖಂಡಿತ ಹೇಳಿ. ನನಗೆ ಎಷ್ಟು ಹುಡುಕಿದರೂ ಸಿಕ್ಕಿಲ್ಲ.

ಗ್ಯಾರೇಜಿನವರು ಈ ಅರ್ಥವನ್ನು ಎಷ್ಟು ಬಿಗಿಯಾಗಿ ಬಳಸುತ್ತಾರೆ ಅಂದರೆ, ಅದು ಅರ್ಧ ರೋಗ ಪತ್ತೆ ಮಾಡಿದ ಹಾಗೇ. ಬ್ರೇಕ್ ಹಿಡ್ಕೊಂಡಿದೆ ಅಂದಾಗ ಅವರು ಮಾಡುವ ಪರೀಕ್ಷೆ ಹೀಗಿರುತ್ತೆ. ಬ್ರೇಕ್ ಆದಷ್ಟು ಕಮ್ಮಿ ಒತ್ತಿ ಸ್ವಲ್ಪ ದೂರ ಓಡಿಸಿ ತರುತ್ತಾರೆ. ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಂಭಾಗ ಒಡ್ಡಿ ನೋಡುತ್ತಾರೆ. ಒಂದು ಚಕ್ರದಿಂದ ಮಾತ್ರ ಬಿಸಿ ಹೊಡೆದರೆ ಅದೇ. ಆಮೇಲೆ ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಆ ಚಕ್ರ ತಿರುಗಿಸುತ್ತಾರೆ. ತಿರುಗದಿದ್ದರೆ ಬ್ಲೀಡರ್ ಸ್ಕ್ರೂ, ಅಂದರೆ ಬ್ರೇಕ್ ಆಯಿಲ್ ಹೊರಬಿಡುವ ಸ್ಕ್ರೂ, ಸ್ವಲ್ಪ ಸಡಿಲಿಸುತ್ತಾರೆ. ಎರಡು ಹನಿ ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ, ಒಳಗೆ ಒತ್ತಡ ಸಿಕ್ಕಿಕೊಂಡಿತ್ತು ಅಂತ. ಹಳೇ ಕಾರಿನಲ್ಲಿ ಈ ಆಯಿಲ್ ಸಾಗುವ ರಬ್ಬರ್ ಹೋಸ್ ಒಳಗೊಳಗೇ ಊದಿಕೊಂಡಿರುತ್ತೆ. ಹೊರಗಿನಿಂದ ಹೊಸದರ ಹಾಗೇ ಕಾಣುತ್ತೆ. ಪೆಡಲ್ ಒತ್ತಿದಾಗ ಆಯಿಲ್ ಹೋಗುತ್ತೆ, ಬಿಟ್ಟಾಗ ವಾಪಸ್ ಬರೋದಿಲ್ಲ. ಸ್ಕ್ರೂ ಸಡಿಲಿಸಿದರೂ ಚಕ್ರ ಬಿಡದಿದ್ದರೆ, ಹಿಡ್ಕೊಂಡಿರೋದು ಕಬ್ಬಿಣ: ಕ್ಯಾಲಿಪರಿನ (ಪ್ಯಾಡ್‌ಗಳನ್ನು ಡಿಸ್ಕಿಗೆ ಅದುಮುವ ಭಾಗ) ಪಿಸ್ಟನ್, ಇಲ್ಲವೇ ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್, ಹಿಂದಿನ ಚಕ್ರವಾದರೆ ಹ್ಯಾಂಡ್‌ಬ್ರೇಕ್ ಕೇಬಲ್. ಒಂದೇ ಚಕ್ರದ ಎರಡು ಪ್ಯಾಡ್‌ಗಳಲ್ಲಿ ಒಂದು ಪೂರ್ತಿ ಸವೆದು ಇನ್ನೊಂದು ದಪ್ಪಗೇ ಉಳಿದಿದ್ದರೆ ಸ್ಲೈಡ್ ಪಿನ್ ಮೇಲೆ ಅನುಮಾನ.

ಇಲ್ಲಿ ಪದಕ್ಕೆ ಸಂಬಂಧವಿಲ್ಲದ ಒಂದು ಎಚ್ಚರಿಕೆ. ಹಿಡ್ಕೊಂಡಿರುವ ಪಿಸ್ಟನ್‌ಗೆ ಎಂಜಿನ್ ಆಯಿಲನ್ನೋ ಮಾಮೂಲಿ ಗ್ರೀಸನ್ನೋ ಬಳಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬ್ರೇಕಿನ ರಬ್ಬರ್ ಸೀಲ್‌ಗಳು ಪೆಟ್ರೋಲಿಯಂ ಎಣ್ಣೆ ತಾಗಿದರೆ ಊದುತ್ತವೆ. ಒಂದೆರಡು ದಿನ ಸಲೀಸಾಗಿ ಓಡಿ, ಮತ್ತೆ ಮೊದಲಿಗಿಂತ ಜಾಸ್ತಿ ಹಿಡ್ಕೊಳ್ಳುತ್ತೆ. ಬ್ರೇಕಿಗಂತಲೇ ಮಾಡಿದ ಗ್ರೀಸ್ ಸಿಗುತ್ತೆ, ಅದನ್ನೇ ಹಾಕಿಸಿ.

ಮತ್ತೆ ಮಾತಿಗೆ. ಹಿಡ್ಕೊಳ್ಳೋದು, ಹಿಡಿಯದಿರೋದು ಎರಡೂ ವಿರುದ್ಧ ಅಂದೆ. ಆದರೆ ಮೊದಲನೆಯದು ಎರಡನೆಯದಾಗಿ ಬದಲಾಗುತ್ತೆ ಅನ್ನೋದೇ ಇದರಲ್ಲಿರುವ ಅಪಾಯ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4 ಆದರೆ 230, ತೇವ ಸೇರಿದಾಗ 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ಹೇಳೋದು ಇದಕ್ಕೇ. ಈಗ ಹಳೇ ಆಯಿಲ್ ಇರುವ, ಒಂದು ಚಕ್ರ ಹಿಡ್ಕೊಂಡಿರುವ ಕಾರು ಆಗುಂಬೆ ಘಾಟಿ ಇಳೀತಿದೆ ಅಂದುಕೊಳ್ಳಿ. ಬಿಡದ ಬ್ರೇಕ್ ಕಾಯುತ್ತೆ. ಆ ಕಾವು ಆಯಿಲಿಗೆ ಏರುತ್ತೆ. ಆಯಿಲ್ ಕುದಿದು ಆವಿಯಾಗುತ್ತೆ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತೆ ಅಷ್ಟೇ, ಪಿಸ್ಟನನ್ನು ತಳ್ಳೋದಿಲ್ಲ. ಪೆಡಲ್ ನೆಲಕ್ಕೆ ಹೋಗುತ್ತೆ, ಬ್ರೇಕ್ ಹಿಡಿಯೋದಿಲ್ಲ. ‘ಸ್ವಲ್ಪ ಹಿಡ್ಕೊಳ್ಳುತ್ತೆ ಅಷ್ಟೇ, ಓಡಿಸಬಹುದು’ ಅಂತ ಹಳೇ ಗಾಡಿ ಮಾರುವವರು ಹೇಳೋದನ್ನು ಕೇಳಿದಾಗ ನನಗೆ ಸಿಟ್ಟು ಬರೋದು ಈ ಕಾರಣಕ್ಕೆ.

ಇನ್ನೊಂದು ಮಾತು ‘ಎಳೀತಿದೆ’. ‘ಬ್ರೇಕ್ ಹಾಕಿದರೆ ಎಡಕ್ಕೆ ಎಳೀತಿದೆ’ ಅಂದಾಗ ಹೊಸಬರು ಎಡಚಕ್ರವನ್ನೇ ಬಿಚ್ಚುತ್ತಾರೆ. ಪಳಗಿದವರು ಒಂದು ಪ್ರಶ್ನೆ ಕೇಳುತ್ತಾರೆ: ಬ್ರೇಕ್ ಹಾಕದೇ ಇದ್ದಾಗಲೂ ಎಳೀತದಾ? ಹೌದು ಅಂದರೆ, ಮತ್ತು ಟೈರಿನ ಗಾಳಿ, ಅಲೈನ್‌ಮೆಂಟ್ ಸರಿ ಇದ್ದರೆ, ಎಡಗಡೆ ಹಿಡ್ಕೊಂಡಿದೆ. ಇಲ್ಲ, ಬ್ರೇಕ್ ಹಾಕಿದಾಗ ಮಾತ್ರ ಅಂದರೆ, ಎಷ್ಟೋ ಸಲ ಬಲಗಡೆ ಹಿಡೀತಿಲ್ಲ. ಗಾಡಿ ತಿರುಗೋದು ಹಿಡಿಯುವ ಕಡೆಗೆ. ಈ ಎರಡು ಪದ ಇಲ್ಲದೆ ಈ ವ್ಯತ್ಯಾಸವನ್ನು ಇಷ್ಟು ಚುಟುಕಾಗಿ ಹೇಳಿ ನೋಡೋಣ ಅಂತ ನಾನೇ ಪ್ರಯತ್ನಪಟ್ಟೆ. ನಾಲ್ಕು ಸಾಲು ಬೇಕಾಯಿತು.

‘ಏರ್ ಹಿಡಿದಿದೆ’ ಎಂಬುದು ಬೇರೆ ಜಾತಿಯದು. ಬ್ರೇಕ್ ಲೈನಿಗೆ ಗಾಳಿ ಸೇರಿದರೂ ಇದೇ ಮಾತು, ಡೀಸೆಲ್ ಖಾಲಿಯಾಗಿ ಪೈಪಿಗೆ ಗಾಳಿ ಹೋದರೂ ಇದೇ ಮಾತು. ಪೆಡಲ್ ಸ್ಪಂಜಿನ ಹಾಗಿದ್ದು, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗಟ್ಟಿಯಾದರೆ ಏರ್ ಹಿಡಿದಿರಬಹುದು. ಪೆಡಲ್ ಒತ್ತಿ ಹಿಡಿದಾಗ ಮೆಲ್ಲಗೆ ಇಳೀತಾ ಹೋದರೆ ಅದು ಬೇರೆ ಕಾಯಿಲೆ, ಎಲ್ಲೋ ಸೋರಿಕೆ ಇದೆ ಅಥವಾ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ. ನನ್ನ ಕುತೂಹಲ ಇರೋದು ಯಾರು ಯಾರನ್ನು ಹಿಡಿದಿದ್ದಾರೆ ಅನ್ನೋದರಲ್ಲಿ. ‘ಕಬ್ಬಿಣಕ್ಕೆ ತುಕ್ಕು ಹಿಡಿದಿದೆ’ ಅಂದಾಗ ಹಿಡಿದಿರೋದು ತುಕ್ಕು. ‘ಹುಚ್ಚು ಹಿಡಿದಿದೆ’, ‘ಗ್ರಹಣ ಹಿಡಿದಿದೆ’ ಅನ್ನುವಾಗಲೂ ಹಾಗೇ. ‘ಲೈನಿಗೆ ಏರ್ ಹಿಡಿದಿದೆ’ ಅನ್ನೋದು ಇದೇ ಸಾಲಿಗೆ ಸೇರುತ್ತೆ. ಆದರೆ ‘ಪಂಪ್ ಏರ್ ಹಿಡ್ಕೊಂಡಿದೆ’ ಅಂತಲೂ ಹೇಳ್ತಾರೆ. ಅಲ್ಲಿ ಹಿಡಿದಿರೋದು ಪಂಪ್. ಬೋರ್‌ವೆಲ್ ರಿಪೇರಿ ಮಾಡುವವರ ಬಾಯಲ್ಲೂ ಎರಡನ್ನೂ ಕೇಳಿದ್ದೇನೆ. ಒಂದೇ ಸಂಗತಿಗೆ ಕರ್ತೃ ಅದಲುಬದಲಾದರೂ ಅರ್ಥ ಕೆಡದ ಬೇರೆ ಪ್ರಯೋಗಗಳು ಕನ್ನಡದಲ್ಲಿ ಇವೆಯಾ?

ಎಂಜಿನ್ ವಿಷಯದಲ್ಲಿ ಹಿಡ್ಕೊಂಡಿದೆ, ಸೀಜ್ ಆಗಿದೆ ಎರಡೂ ಓಡಾಡುತ್ತವೆ. ನನಗೆ ತಿಳಿದಂತೆ ಮೇಸ್ತ್ರಿಗಳು ಇವನ್ನು ಬೆರೆಸೋದಿಲ್ಲ. ಆಯಿಲ್ ಇಲ್ಲದೆ ಓಡಿ, ಕಾದು, ಬೇರಿಂಗ್ ಕಿತ್ತುಹೋಗಿ ನಿಂತ ಎಂಜಿನ್ ‘ಸೀಜ್’. ವರ್ಷಗಟ್ಟಲೆ ಸ್ಟಾರ್ಟ್ ಮಾಡದೆ ಪಿಸ್ಟನ್ ರಿಂಗ್‌ಗಳು ಸಿಲಿಂಡರಿಗೆ ತುಕ್ಕಿನಿಂದ ಅಂಟಿಕೊಂಡದ್ದು ‘ಹಿಡ್ಕೊಂಡಿದೆ’. ಹಿಡ್ಕೊಂಡಿರುವ ಎಂಜಿನ್ನಿಗೆ ಇನ್ನೂ ಆಸೆ ಉಂಟು. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ನೆನೆಯಲು ಬಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಸ್ಪಾನರ್ ಹಾಕಿ ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಾರೆ. ಸೆಲ್ಫ್ ಹೊಡೆದು ಬಿಡಿಸಲು ಹೋದರೆ ರಿಂಗ್ ಮುರಿಯುತ್ತೆ. ಹಾಗಾಗಿ ಹಳೇ ಗಾಡಿ ನೋಡಲು ಹೋದಾಗ ‘ಎಂಜಿನ್ ಹಿಡ್ಕೊಂಡಿದೆ’ ಅಂದರೆ ಬೆಲೆ ಮಾತಾಡಬಹುದು. ‘ಸೀಜ್’ ಅಂದರೆ ಎಂಜಿನ್ನಿಗೆ ಗುಜರಿ ಬೆಲೆಯೇ ಅಂತ ಲೆಕ್ಕ ಹಾಕಿಕೊಳ್ಳೋದು ಒಳ್ಳೆಯದು.

ಧಾರವಾಡದ ಕಡೆಯ ಗೆಳೆಯರು ‘ಬ್ರೇಕ್ ಹಿಡಿಯವಲ್ದು’, ‘ಗಾಡಿ ಚಾಲೂ ಆಗವಲ್ದು’ ಅಂತಾರೆ. ಆ ‘ಒಲ್ಲದು’ ನನಗೆ ಬಹಳ ಇಷ್ಟ. ಗಾಡಿಗೇ ಮನಸ್ಸಿಲ್ಲ ಅನ್ನುವ ಹಾಗಿದೆ. ಬಿಡದ ಬ್ರೇಕಿಗೆ ಅವರು ‘ಹಿಡಕೊಂಡೈತಿ’ ಅಂತಾರೋ ‘ಬಿಡವಲ್ದು’ ಅಂತಾರೋ, ಅಥವಾ ಎರಡಕ್ಕೂ ಬೇರೆ ಬೇರೆ ಸಂದರ್ಭ ಇದೆಯೋ, ಆ ಕಡೆಯವರು ಹೇಳಬೇಕು. ಕಲಬುರಗಿ, ಬೀದರ್, ಮಂಗಳೂರು ಕಡೆಯ ಪ್ರಯೋಗಗಳೂ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಮಾರುವವರು, ಶಿವಾಜಿನಗರದ ಗುಜರಿ ಅಂಗಡಿಯವರು ಕನ್ನಡ, ಉರ್ದು, ತಮಿಳು ಮೂರನ್ನೂ ಬೆರೆಸಿ ಮಾತಾಡುತ್ತಾರೆ. ಅಲ್ಲಿ ಓಡಾಟ ಇರುವವರು ಈ ಮಾತುಗಳನ್ನು ಗಮನಿಸಿದ್ದರೆ ದಯವಿಟ್ಟು ಬರೆಯಿರಿ.

ಕೊನೆಗೆ ಕ್ಲಚ್. ಇಲ್ಲಿ ನನಗೆ ನಿಜಕ್ಕೂ ಸ್ಪಷ್ಟ ಇಲ್ಲದ ಒಂದು ಜಾಗ ಇದೆ. ಪ್ಲೇಟ್ ಸವೆದು ಎಂಜಿನ್ ಕಿರುಚಿದರೂ ಗಾಡಿ ಏರದಿದ್ದರೆ ‘ಕ್ಲಚ್ ಹಿಡೀತಿಲ್ಲ’. ಪೆಡಲ್ ಪೂರ್ತಿ ಒತ್ತಿದರೂ ಗೇರ್ ಬೀಳದಿದ್ದರೆ ‘ಕ್ಲಚ್ ಬಿಡ್ತಿಲ್ಲ’. ಮಳೆಗಾಲದಲ್ಲಿ ನಿಂತ ಗಾಡಿಯ ಪ್ಲೇಟ್, ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿಗೆ ತುಕ್ಕಿನಿಂದ ಅಂಟಿದ್ದರೆ ‘ಕ್ಲಚ್ ಹಿಡ್ಕೊಂಡಿದೆ’. ಎರಡನೆಯದರಲ್ಲೂ ಮೂರನೆಯದರಲ್ಲೂ ಚಾಲಕನಿಗೆ ಕಾಣುವ ಲಕ್ಷಣ ಒಂದೇ, ಗೇರ್ ಬೀಳೋದಿಲ್ಲ. ಎರಡನೆಯದಕ್ಕೆ ಕೇಬಲ್ ಅಡ್ಜಸ್ಟ್ ಮಾಡಿದರೆ ಸಾಕಾಗಬಹುದು, ಮೂರನೆಯದಕ್ಕೆ ಗೇರ್‌ಬಾಕ್ಸ್ ಇಳಿಸಬೇಕಾಗಬಹುದು. ನಿಮ್ಮ ಊರಿನ ಮೇಸ್ತ್ರಿಗಳು ಬಿಚ್ಚಿ ನೋಡುವ ಮೊದಲೇ ‘ಬಿಡ್ತಿಲ್ಲ’, ‘ಹಿಡ್ಕೊಂಡಿದೆ’ ಅಂತ ಬೇರೆ ಬೇರೆ ಹೇಳ್ತಾರಾ, ಅಥವಾ ಬಿಚ್ಚಿದ ಮೇಲಷ್ಟೇ ‘ಹಿಡ್ಕೊಂಡಿದೆ’ ಬರುತ್ತಾ?