ಹಿರಿಯರ ಆರೈಕೆಗೆ ಮೈಸೂರಿನಲ್ಲಿ ಒಂದು ಹಬ್ ಬೇಕೋ, ಬೇಡವೋ?

ಶ್ರೀಧರ, ಮೈಸೂರು
ವಯಸ್ಸಾದವರ ಆರೈಕೆಗೆ ಬೇಕಾದ ಸಂಶೋಧನೆ, ಸಾಮಾನು ತಯಾರಿ, ತರಬೇತಿ ಮೂರೂ ಒಂದೇ ಕಡೆ ನಡೆಯುವ ಹಬ್ ನಮ್ಮ ರಾಜ್ಯಕ್ಕೆ ಬೇಕು. ಅದಕ್ಕೆ ಮೈಸೂರೇ ಸರಿಯಾದ ಜಾಗ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಕಿವಿ ಮತ್ತು ಮಾತಿನ ತೊಂದರೆ ನೋಡುತ್ತಾ ಬಂದಿದೆ, ನುಂಗಲು ಕಷ್ಟಪಡುವವರನ್ನೂ ನೋಡುತ್ತದೆ. ಆಚೆ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆಹಾರ ಸಂಶೋಧನೆ ಮಾಡುವ ಸಿಎಫ್‌ಟಿಆರ್‌ಐ ಇದೆ, 1950ರಿಂದ. ಇವೆರಡೂ ಕೈಜೋಡಿಸಿದರೆ ನುಂಗಲಾಗದವರಿಗೆ ರುಚಿಯಾದ ಮೆತ್ತನೆ ಊಟ ತಯಾರಿಸಬಹುದು. ಈಗ ನಾವೇನು ಮಾಡುತ್ತೇವೆ? ಅನ್ನ, ಸಾರು, ಪಲ್ಯ ಎಲ್ಲಾ ಒಟ್ಟಿಗೆ ಮಿಕ್ಸಿಗೆ ಹಾಕಿ ರುಬ್ಬುತ್ತೇವೆ. ನಮ್ಮಪ್ಪ ಕೊನೆಯ ಎಂಟು ತಿಂಗಳು ಅದನ್ನೇ ತಿಂದರು. ಒಂದು ದಿನ ಬಟ್ಟಲು ನೋಡಿ, "ಇದು ಯಾವ ಬಣ್ಣ ಮಗ?" ಅಂತ ಕೇಳಿದ್ದರು. 2011ರ ಜನಗಣತಿ ಹೊತ್ತಿಗೇ ರಾಜ್ಯದಲ್ಲಿ 60 ದಾಟಿದವರು ಶೇ. 9.5ರಷ್ಟಿದ್ದರು. ಇನ್ನೂ ಎಷ್ಟು ದಿನ ಕಾಯಬೇಕು?

ಕಿರಣ, ಬೆಂಗಳೂರು
"ಮೈಸೂರೇ ಸರಿಯಾದ ಜಾಗ" ಅಂದಿರಿ. ಕೆಲಸ ಆಗಲೇ ಬೆಂಗಳೂರಿನಲ್ಲಿ ನಡೆಯುತ್ತಿದೆ ಸಾರ್. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಅಧ್ಯಯನ ಹಿಡಿದಿದ್ದಾರೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಅವರದು. ಮರೆವಿನ ಕಾಯಿಲೆ ಹೇಗೆ ಶುರುವಾಗುತ್ತದೆ ಅಂತ ತಿಳಿಯಲು. ನಿಮ್ಹಾನ್ಸ್ ಇಲ್ಲಿದೆ, ದುಡ್ಡು ಹಾಕುವವರೂ ಇಲ್ಲೇ ಇದ್ದಾರೆ. ಮೈಸೂರಿಗೆ ಎತ್ತಿಕೊಂಡು ಹೋಗಿ ಏನು ಸಿಗುತ್ತದೆ?

ವೀರೇಶ, ಹುಬ್ಬಳ್ಳಿ
ಒಬ್ಬರು ಮೈಸೂರು, ಇನ್ನೊಬ್ಬರು ಬೆಂಗಳೂರು. ನೀವಿಬ್ಬರೇ ಹಂಚಿಕೊಂಡುಬಿಟ್ಟಿರಲ್ರೀ. ಉತ್ತರ ಕರ್ನಾಟಕದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲವೇನು? ಧಾರವಾಡದಲ್ಲಿ ಐಐಟಿ ಇದೆ, ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಇದೆ, ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಅಂತಿದ್ದ ಸರ್ಕಾರಿ ಆಸ್ಪತ್ರೆ ಇದೆ. ಇಲ್ಲೂ ಮಾಡಬಹುದು.

ಸುಮಾ, ಮಂಡ್ಯ
ನಾನು 14 ವರ್ಷದಿಂದ ಹೋಂ ನರ್ಸ್. ಎಲ್ಲಿ ಕಟ್ಟುತ್ತೀರಿ ಅನ್ನುವುದು ಆಮೇಲಿನ ಮಾತು. "ಸಾಮಾನು ತಯಾರಿ" ಅಂದರಲ್ಲ ಶ್ರೀಧರ್ ಅಣ್ಣ, ಇರುವ ಸಾಮಾನೇ ನಮ್ಮ ಮನೆಗಳಲ್ಲಿ ಓಡಾಡುವುದಿಲ್ಲ. ವಾಕರ್ ತಂದು ಕೊಡುತ್ತಾರೆ. ಅಜ್ಜಿ ಹಾಲ್‌ನಲ್ಲಿ ಹತ್ತು ಹೆಜ್ಜೆ ಚೆನ್ನಾಗಿ ನಡೆಯುತ್ತಾರೆ. ರೂಮಿನ ಬಾಗಿಲಿಗೆ ಬಂದರೆ ಹೊಸ್ತಿಲು. ಎರಡೂ ಕೈಯಲ್ಲಿ ವಾಕರ್ ಎತ್ತಿ ಆಚೆ ಇಡಬೇಕು. ಎತ್ತಿದ ಆ ಒಂದು ಕ್ಷಣ ಅವರಿಗೆ ಏನೂ ಆಧಾರ ಇರುವುದಿಲ್ಲ. ನಾನು ನೋಡಿದ ಬೀಳುವ ಕೇಸುಗಳಲ್ಲಿ ಅರ್ಧದಷ್ಟು ಅಲ್ಲೇ ಆಗಿದ್ದು. ಮೊದಲು ಹೊಸ್ತಿಲು ತೆಗೆಸಿ, ಆಮೇಲೆ ಹಬ್ ಕಟ್ಟಿ.

ಶಾರದಾ, ಶಿರಸಿ
"ಹೊಸ್ತಿಲು ತೆಗೆಸಿ" ಅಂತ ಇಷ್ಟು ಸುಲಭವಾಗಿ ಹೇಗೆ ಬರೆದಿರಿ? ದಿನಾ ಬೆಳಿಗ್ಗೆ ತೊಳೆದು, ಅರಿಶಿನ ಕುಂಕುಮ ಇಟ್ಟು, ರಂಗೋಲಿ ಹಾಕುವ ಜಾಗ ಅದು. ಭೀಮನ ಅಮಾವಾಸ್ಯೆಗೆ ಅಣ್ಣ ತಮ್ಮಂದಿರು ಭಂಡಾರ, ಅಂದರೆ ಕಾಸಿಟ್ಟ ಹಿಟ್ಟಿನ ಕಡುಬು, ಒಡೆಯುವುದು ಅದರ ಮೇಲೇ. ನಮ್ಮತ್ತೆಗೆ 84. ಅವರ ಕಣ್ಣೆದುರು ಹೊಸ್ತಿಲು ಕೀಳಿಸಿದರೆ ಬೀಳುವ ಮೊದಲೇ ಎದೆ ಒಡೆದುಕೊಳ್ಳುತ್ತಾರೆ.

ಕಿರಣ, ಬೆಂಗಳೂರು
ಅಮ್ಮ, ಭಂಡಾರ ವರ್ಷಕ್ಕೆ ಒಂದು ದಿನ. ಬಚ್ಚಲಿಗೆ ದಿನಕ್ಕೆ ಎಂಟು ಸಲ ಹೋಗಬೇಕು.

ಶಾರದಾ, ಶಿರಸಿ
ನಾನು ದಿನಾ ಪೂಜೆ ಮಾಡುತ್ತೇನೆ ಅಂತ ಬರೆದಿದ್ದು ನಿಮಗೆ ಕಾಣಲಿಲ್ಲ, ವರ್ಷಕ್ಕೆ ಒಂದು ದಿನ ಅನ್ನುವುದು ಮಾತ್ರ ಕಂಡಿತು. ನಿಮ್ಮ ಫ್ಲಾಟಿನಲ್ಲಿ ಹೊಸ್ತಿಲು ಇರಲಿಕ್ಕಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಹಾವು, ಚೇಳು, ನೀರು ಒಳಗೆ ಬರದ ಹಾಗೆ ತಡೆಯುವುದು ಅದೇ.

ಪ್ರಸನ್ನ, ಒಸಾಕಾ
ಜಪಾನಿನಲ್ಲಿ ಹಳೇ ಮನೆಗಳಲ್ಲೂ ಮೆಟ್ಟಿಲು, ಏರುತಗ್ಗು ಜಾಸ್ತಿ. 2000ದ ಏಪ್ರಿಲ್‌ನಲ್ಲಿ ಇಲ್ಲಿ ಆರೈಕೆ ವಿಮೆ ಜಾರಿಗೆ ಬಂತು. 40 ದಾಟಿದ ಎಲ್ಲರೂ ಕಂತು ಕಟ್ಟಬೇಕು. ಆರೈಕೆ ಬೇಕು ಅಂತ ಗುರುತಿಸಿದವರ ಮನೆ ತಿದ್ದಲು 2 ಲಕ್ಷ ಯೆನ್ ವರೆಗಿನ ಕೆಲಸಕ್ಕೆ ವಿಮೆ ನೆರವಾಗುತ್ತದೆ. ಗೋಡೆಗೆ ಹಿಡಿಕೆ ಹಾಕುವುದು, ಜಾರದ ನೆಲ, ಹೊಸ್ತಿಲಿನಂಥ ಏರುತಗ್ಗು ತೆಗೆಯುವುದು ಎಲ್ಲಾ ಅದರಲ್ಲಿ ಬರುತ್ತದೆ. ಹೆಚ್ಚಿನವರು ಕೈಯಿಂದ ಹಾಕುವುದು ಹತ್ತನೇ ಒಂದು ಭಾಗ. ದುಡ್ಡು ಹರಿಯುವ ದಾರಿ ಇದ್ದದ್ದಕ್ಕೇ ಇಲ್ಲಿ ಈ ಉದ್ಯಮ ಬೆಳೆಯಿತು. ಹಬ್‌ಗಿಂತ ಮೊದಲು ವಿಮೆ ಬೇಕು.

ವೀರೇಶ, ಹುಬ್ಬಳ್ಳಿ
ಜಪಾನಿನಲ್ಲಿ ಕೂತು ಹೇಳುವುದು ಸುಲಭ ಪ್ರಸನ್ನ ಅವರೇ. ಇಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದನ್ನು ನಂಬಿ ಬದುಕುವವರಿಂದ ವಿಮೆಯ ಕಂತು ಕಟ್ಟಿಸುತ್ತೀರಾ? ಮೊದಲು ನಿಮ್ಮ ತಂದೆ ತಾಯಿ ಎಲ್ಲಿದ್ದಾರೆ ಹೇಳಿ.

ಪ್ರಸನ್ನ, ಒಸಾಕಾ
ಅಮ್ಮ ಚಿಕ್ಕಮಗಳೂರಿನಲ್ಲಿ ಒಬ್ಬರೇ ಇದ್ದಾರೆ. ದಿನಾ ಎರಡು ಸಲ ಫೋನ್ ಮಾಡುತ್ತೇನೆ. 2021ರಲ್ಲಿ ದೇವರ ಕೋಣೆಯ ಹೊಸ್ತಿಲು ಎಡವಿ ಬಿದ್ದು ಸೊಂಟದ ಮೂಳೆ ಮುರಿಯಿತು. ವಿಮಾನ ಇರಲಿಲ್ಲ, ನಾನು ಬರಲು ಆಗಲಿಲ್ಲ. ಬೇರೆ ಏನು ಕೇಳಬೇಕು ನಿಮಗೆ? ಕೇಳಿ.

ವೀರೇಶ, ಹುಬ್ಬಳ್ಳಿ
ಅಮ್ಮನವರ ವಿಷಯ ಗೊತ್ತಿರಲಿಲ್ಲ. ಆದರೆ 1,200 ರೂಪಾಯಿ ಪ್ರಶ್ನೆಗೆ ನೀವು ಉತ್ತರ ಕೊಟ್ಟಿಲ್ಲ.

ಶ್ರೀಧರ, ಮೈಸೂರು
ದಯವಿಟ್ಟು ವಿಷಯಕ್ಕೆ ಬನ್ನಿ. ಕೇಂದ್ರ ಸರ್ಕಾರದ ಸೇಜ್ ಯೋಜನೆ 2021ರಿಂದ ಇದೆ. ಹಿರಿಯರಿಗಾಗಿ ಸಾಮಾನು, ಸೇವೆ ತಯಾರಿಸುವ ಸ್ಟಾರ್ಟಪ್‌ಗೆ 1 ಕೋಟಿ ರೂಪಾಯಿವರೆಗೆ ಬಂಡವಾಳ ಹಾಕುತ್ತಾರೆ, ಸರ್ಕಾರದ ಪಾಲು ಶೇ. 49ರ ಒಳಗೆ. ದುಡ್ಡಿಲ್ಲ ಅನ್ನುವ ಮಾತು ಪೂರ್ತಿ ಸರಿಯಲ್ಲ.

ಮಂಜುನಾಥ, ತುಮಕೂರು
"ಸ್ಟಾರ್ಟಪ್" ಯಾಕೆ ಬೇಕು? ಬಡಗಿಯನ್ನು ಕರೆದು ಹೊಸ್ತಿಲ ಎರಡೂ ಕಡೆ ಇಳಿಜಾರು ಹಲಗೆ ಹೊಡೆಸಿದರೆ ಮುಗಿಯಿತು. ಹೊಸ್ತಿಲೂ ಉಳಿಯಿತು, ವಾಕರೂ ದಾಟಿತು. ಇದಕ್ಕೆ ಕೋಟಿಗಟ್ಟಲೆ ಸುರಿದು ಸಂಶೋಧನೆ ಮಾಡುವುದು ಸುಮ್ನೆ ದಂಡ.

ಶಾರದಾ, ಶಿರಸಿ
ಮಂಜುನಾಥ್ ಅವರ ಮಾತು ಒಪ್ಪುವಂಥದ್ದು. ಕೀಳುವ ಮಾತಾಡುವವರು ಇದನ್ನು ಯೋಚಿಸಲೇ ಇಲ್ಲ.

ಸುಮಾ, ಮಂಡ್ಯ
ಹಲಗೆ ಹೊಡೆಸಿದರೆ ಮುಗಿಯಿತು ಅಂದಿರಿ. ಟೇಪ್ ಹಿಡಿದು ಅಳೆದಿದ್ದೀರಾ? ಒಂದು ಇಂಚು ಎತ್ತರಕ್ಕೆ 12 ಇಂಚು ಉದ್ದದ ಇಳಿಜಾರು ಬೇಕು ಅನ್ನುವುದು ರ‍್ಯಾಂಪ್ ಲೆಕ್ಕ. ನಾಲ್ಕು ಇಂಚು ಹೊಸ್ತಿಲಿಗೆ ಆ ಕಡೆ ನಾಲ್ಕು ಅಡಿ, ಈ ಕಡೆ ನಾಲ್ಕು ಅಡಿ. ನಮ್ಮ ಬಚ್ಚಲೇ ನಾಲ್ಕು ಅಡಿ ಇರುತ್ತದೆ. ಹಲಗೆ ಎಲ್ಲಿ ಇಡುತ್ತೀರಿ? ನಾನು ಹೋಗುತ್ತಿದ್ದ ಒಂದು ಮನೆಯಲ್ಲಿ ಒಂದಡಿ ಹಲಗೆ ಹೊಡೆಸಿದ್ದರು. ಒದ್ದೆ ಕಾಲು, ನುಣುಪು ಹಲಗೆ. ಮೂರನೇ ದಿನವೇ ತಾತ ಜಾರಿದರು. ವಾಕರಿನ ಕಾಲಿನ ರಬ್ಬರ್ ಬುಶ್ ಸವೆದು ಒಳಗಿನ ಪೈಪ್ ಕಾಣುತ್ತಿತ್ತು. ಅದನ್ನೂ ಯಾರೂ ನೋಡಿರಲಿಲ್ಲ.

ಮಂಜುನಾಥ, ತುಮಕೂರು
ಬುಶ್ ಸವೆದಿದ್ದರೆ ಅದು ವಾಕರಿನ ತಪ್ಪು, ಹಲಗೆಯ ತಪ್ಪಲ್ಲ.

ಸುಮಾ, ಮಂಡ್ಯ
ತಾತನ ಮುಂಗೈ ಮುರಿಯಿತು ಸ್ವಾಮಿ. ಯಾರ ತಪ್ಪು ಅಂತ ಅವರಿಗೆ ನೀವೇ ಹೋಗಿ ಹೇಳಿ.

ಕಿರಣ, ಬೆಂಗಳೂರು
ಸುಮಾ ಅವರು ಹೇಳುತ್ತಿರುವುದೇ ಸಂಶೋಧನೆ. ನಾಲ್ಕು ಅಡಿ ಬಚ್ಚಲು, ಒದ್ದೆ ನೆಲ, ಎತ್ತರದ ಹೊಸ್ತಿಲು. ಇದಕ್ಕೆ ಹೊಂದುವ ವಾಕರ್ ಹೊರದೇಶದಿಂದ ಬರುವುದಿಲ್ಲ. ವಯಸ್ಸಾದವರ ಬಗ್ಗೆ 2017-18ರಲ್ಲಿ ದೇಶದಾದ್ಯಂತ ನಡೆದ ಲಾಸಿ ಸಮೀಕ್ಷೆ ಆಧರಿಸಿ ಮಾಡಿದ ಲೆಕ್ಕದಲ್ಲಿ, ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ. ಅವರಿಗೆ "ಇಲ್ಲಿ ಹೊಸ್ತಿಲಿದೆ, ಹುಷಾರು" ಅಂದರೆ ಐದು ನಿಮಿಷಕ್ಕೆ ಮರೆತು ಹೋಗುತ್ತದೆ. ಹಬ್ ಬೇಕು, ಬೆಂಗಳೂರಿನಲ್ಲಿ.

ವೀರೇಶ, ಹುಬ್ಬಳ್ಳಿ
"88 ಲಕ್ಷ" ದೇಶದ ಲೆಕ್ಕ, "ಬೆಂಗಳೂರಿನಲ್ಲಿ" ನಿಮ್ಮ ಲೆಕ್ಕ. ಎರಡಕ್ಕೂ ಏನ್ರೀ ಸಂಬಂಧ?

ಶ್ರೀಧರ, ಮೈಸೂರು
ಕಿರಣ್ ಅವರು ಸಂಶೋಧನೆ ಬೇಕು ಅಂತ ಒಪ್ಪಿದ್ದು ಸಂತೋಷ. ಮೈಸೂರಿನಲ್ಲಿ ಹಳೇ ಮನೆ, ಹಳೇ ಹೊಸ್ತಿಲು ಎಷ್ಟು ಬೇಕಾದರೂ ಇವೆ. ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆ ಊರು ಸಿಗುವುದಿಲ್ಲ.

ಕಿರಣ, ಬೆಂಗಳೂರು
ಮೈಸೂರು ಅಂತ ನಾನೆಲ್ಲಿ ಒಪ್ಪಿದೆ?

ಸುಮಾ, ಮಂಡ್ಯ
ಊರಿನ ಜಗಳ ನೀವೇ ಮಾಡಿಕೊಳ್ಳಿ. ತರಬೇತಿ ಅಂತ ಮೊದಲ ಸಾಲಿನಲ್ಲೇ ಬರೆದಿದ್ದಿರಿ, ಆಮೇಲೆ ಒಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ನನಗೆ ಈ ಕೆಲಸ ಯಾರೂ ಕಲಿಸಲಿಲ್ಲ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ಗೊತ್ತಾಗಿದ್ದು ಒಬ್ಬರ ಬೆನ್ನಲ್ಲಿ ಹುಣ್ಣು ಎದ್ದ ಮೇಲೆ. 12 ಗಂಟೆ ಡ್ಯೂಟಿ. ಏಜೆನ್ಸಿ ಕಮಿಷನ್ ಹಿಡಿದು ಉಳಿದದ್ದು ಕೊಡುತ್ತದೆ. ಹಬ್‌ನಲ್ಲಿ ನಮ್ಮಂಥವರಿಗೆ ಒಂದು ಬೆಂಚಾದರೂ ಇರುತ್ತದಾ?

ಮಂಜುನಾಥ, ತುಮಕೂರು
ಏಜೆನ್ಸಿಯವರಿಗೂ ಖರ್ಚಿರುತ್ತದೆ ತಾಯಿ. ಪುಕ್ಕಟೆ ಕೆಲಸ ಹುಡುಕಿಕೊಡುತ್ತಾರಾ?

ಪ್ರಸನ್ನ, ಒಸಾಕಾ
ಇಷ್ಟೆಲ್ಲಾ ಬರೆದವರಿಗೆ ನೀವು ಕೊಡುವ ಉತ್ತರ ಇದೇನಾ ಮಂಜುನಾಥ್? ನಮ್ಮಮ್ಮನನ್ನು ಎತ್ತಿ ಕೂರಿಸುವುದು ಇಂಥವರೇ. ವಿಮೆ ಯಾಕೆ ಬೇಕು ಅಂತ ಮತ್ತೆ ಹೇಳುತ್ತೇನೆ. ಸಂಬಳ ಬರಬೇಕಾದ್ದು ಅದರಿಂದ.

ವೀರೇಶ, ಹುಬ್ಬಳ್ಳಿ
ವಿಮೆ, ವಿಮೆ. 1,200 ರೂಪಾಯಿ!

ಶಾರದಾ, ಶಿರಸಿ
ಈಗಷ್ಟೇ ಟೇಪ್ ತಂದು ಅಳೆದೆ. ಅತ್ತೆಯ ರೂಮಿನ ಹೊಸ್ತಿಲು ಮೂರೂವರೆ ಇಂಚು, ಬಚ್ಚಲಿನದು ಐದು. ಬಚ್ಚಲು ಮೂರೂಮುಕ್ಕಾಲು ಅಡಿ. ಸುಮಾ ಅವರೇ, ಗೋಡೆಗೆ ಹಿಡಿಕೆ ಹಾಕುವುದಾದರೆ ನೆಲದಿಂದ ಎಷ್ಟು ಎತ್ತರಕ್ಕೆ ಹಾಕಿಸಬೇಕು? ತಲೆಬಾಗಿಲ ಹೊಸ್ತಿಲು ಮಾತ್ರ ಯಾರಿಗೂ ಮುಟ್ಟಲು ಬಿಡುವುದಿಲ್ಲ.