ಎಚ್‌ಪಿ 3478ಎ: ಸೆಲ್ ಬದಲಿಸುವಾಗ ಕ್ಯಾಲಿಬ್ರೇಷನ್ ಉಳಿಸಿಕೊಳ್ಳೋದು ಹೇಗೆ?

ಓಮ್‌ಪ್ರಿಯ:
ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕಿದ 3478ಎ ಬೆಂಚ್ ಮಲ್ಟಿಮೀಟರ್ ಇದು. ಆನ್ ಮಾಡಿದರೆ ಸೆಲ್ಫ್ ಟೆಸ್ಟ್ ಓಕೆ, ಆಮೇಲೆ ಜಿಪಿಐಬಿ (ಉಪಕರಣವನ್ನು ಕಂಪ್ಯೂಟರಿಗೆ ಜೋಡಿಸೋ ಪೋರ್ಟ್) ವಿಳಾಸ 23 ತೋರಿಸಿ ಅಳತೆಗೆ ಬರುತ್ತೆ. ‘ಅನ್‌ಕ್ಯಾಲಿಬ್ರೇಟೆಡ್’ ಅಂತ ಬರ್ತಿಲ್ಲ. ಆದರೆ ಕ್ಯಾಲಿಬ್ರೇಷನ್ (ಅಳತೆ ಸರಿಹೊಂದಿಸೋ ಅಂಕಿಗಳು) ಅಳಿಯದಂತೆ ಕಾಯೋ ಒಳಗಿನ 3 ವೋಲ್ಟ್ ಲಿಥಿಯಂ ಸೆಲ್ 2.71ಕ್ಕೆ ಇಳಿದಿದೆ. ಕ್ಯಾಲಿಬ್ರೇಷನ್ ಹೋಗದ ಹಾಗೆ ಇದನ್ನು ಬದಲಿಸೋದು ಹೇಗೆ? ಇನ್ನೊಂದು: ಎಡಿ584 ಅನ್ನೋ ವೋಲ್ಟೇಜ್ ರೆಫರೆನ್ಸ್ ಚಿಪ್ ಇರೋ ಬೋರ್ಡಿನ 10 ವೋಲ್ಟಿಗೆ 10.0037 ತೋರಿಸ್ತಿದೆ, ಸರಿ ಮಾಡಬೇಕಾ? ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನೂ ಒಂದೇ ಸಲಕ್ಕೆ ಬದಲಿಸಿಬಿಡೋಣ ಅಂತ ಇದೆ.

ಮಿಲಿವೋಲ್ಟ್:
ಲಿಥಿಯಂ ಸೆಲ್ ಕೊನೆಯವರೆಗೂ 3 ವೋಲ್ಟಿನ ಆಸುಪಾಸಿನಲ್ಲೇ ನಿಂತು ಆಮೇಲೆ ಧಡಕ್ಕನೆ ಬೀಳುತ್ತೆ. 2.71 ಅಂದರೆ ಮುಗಿಯುತ್ತಾ ಬಂತು ಅಂತಲೇ. ಹಾಗಂತ ಈಗಲೇ ಸೋಲ್ಡರಿಂಗ್ ಐರನ್ ಹಿಡೀಬೇಡಿ. ಮೊದಲು ಮೆಮೊರಿಯಲ್ಲಿರೋದು ನಿಮ್ಮ ಕಂಪ್ಯೂಟರಿಗೆ ಬರಲಿ.

ಕ್ಯಾಲಿಬ್ರೇಷನ್ ಇರೋದು 5101 ಅನ್ನೋ ಸಣ್ಣ ರ‍್ಯಾಮ್ ಚಿಪ್‌ನಲ್ಲಿ, ನಾಲ್ಕು ಬಿಟ್‌ನ 256 ಜಾಗ. ಹಿಂದಿನ ಜಿಪಿಐಬಿ ಪೋರ್ಟ್ ಮೂಲಕ ಓದಬಹುದು. ದುಬಾರಿ ಅಡಾಪ್ಟರ್ ಬೇಡ, ಆರ್ಡುಯಿನೊ ನ್ಯಾನೊ ಅನ್ನೋ ಸಣ್ಣ ಬೋರ್ಡಿಗೆ, ಅದನ್ನು ಜಿಪಿಐಬಿ ಅಡಾಪ್ಟರ್ ಮಾಡೋ ಎಆರ್488 ಫರ್ಮ್‌ವೇರ್ ಹಾಕಿದರೆ ಸಾಕು. ಜೋಡಿಸಬೇಕಾದ ವೈರು: ಎಂಟು ಡೇಟಾ, ಎಂಟು ಕಂಟ್ರೋಲ್, ಜೊತೆಗೆ ಗ್ರೌಂಡ್. ಒಂದೇ ಉಪಕರಣ, ಗಿಡ್ಡ ವೈರು ಇದ್ದರೆ ಬಫರ್ ಚಿಪ್ ಇಲ್ಲದೆಯೂ ನಡೆಯುತ್ತೆ. ವಿಳಾಸ 23, ಆಟೋ ರೀಡ್ ಆಫ್. ‘ಡಬ್ಲ್ಯೂ’ ಅಕ್ಷರ, ಅದರ ಬೆನ್ನಿಗೇ ಓದಬೇಕಾದ ಜಾಗದ ವಿಳಾಸವಾಗಿ 0ಯಿಂದ 255ರವರೆಗಿನ ಒಂದು ಬೈಟ್ ಕಳಿಸಿ, ಆಮೇಲೆ ಓದಿ. ಪ್ರತಿ ಸಲ ಒಂದೊಂದು ಅಕ್ಷರ ಬರುತ್ತೆ, ‘@’ನಿಂದ ಇಂಗ್ಲಿಷ್ ‘ಓ’ವರೆಗಿನದು. ಅದರ ಆಸ್ಕಿ ಸಂಖ್ಯೆಯಿಂದ 64 ಕಳೆದರೆ ಡೇಟಾ. ಪೋರ್ಟ್ ತೆರೆದ ಕೂಡಲೇ ನ್ಯಾನೊ ರೀಸೆಟ್ ಆಗುತ್ತೆ, ಎರಡು ಸೆಕೆಂಡ್ ಬಿಟ್ಟು ಶುರು ಮಾಡಿ.

ಓದೋದಕ್ಕೆ ಮುಂದಿನ ಫಲಕದ ಕ್ಯಾಲ್ ಎನೇಬಲ್ ಸ್ವಿಚ್ ತಿರುಗಿಸೋ ಅಗತ್ಯ ಇಲ್ಲ. ಅದನ್ನು ಮುಟ್ಟಲೇಬೇಡಿ.

ಬಂದ ಡೇಟಾ ಸರಿಯಿದೆಯಾ ಅಂತ ಲೆಕ್ಕ ಹಾಕಿ ನೋಡಬಹುದು. 0ನೇ ಜಾಗ ಬಿಟ್ಟು, 1ರಿಂದ 13-13 ಅಂಕಿಗಳ 19 ದಾಖಲೆ. ಮೊದಲ 6 ಆಫ್‌ಸೆಟ್ (ಸೊನ್ನೆಯ ತಿದ್ದುಪಡಿ), ಮುಂದಿನ 5 ಗೇನ್ (ಗುಣಕದ ತಿದ್ದುಪಡಿ), ಕೊನೆಯ 2 ಚೆಕ್‌ಸಮ್ (ತಪ್ಪು ಹಿಡಿಯೋ ಮೊತ್ತ). ಮೊದಲ ಹನ್ನೊಂದರ ಮೊತ್ತಕ್ಕೆ, ಹನ್ನೆರಡನೆಯದರ 16 ಪಟ್ಟು ಮತ್ತು ಹದಿಮೂರನೆಯದನ್ನು ಕೂಡಿದರೆ 255 ಬರಬೇಕು. ಬಳಕೆಯಲ್ಲಿಲ್ಲದ ದಾಖಲೆಗಳೂ ಕೆಲವಿವೆ, ಅವು ಹೊಂದದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಸ್ಕ್ರೂಡ್ರೈವರ್:
ಇಷ್ಟೆಲ್ಲಾ ಯಾಕೆ ಸರ್? ಮೀಟರ್ ಆನ್ ಇದ್ದಾಗ ರ‍್ಯಾಮ್‌ಗೆ ಪವರ್ ಸಪ್ಲೈಯಿಂದಲೇ 5 ವೋಲ್ಟ್ ಸಿಗುತ್ತೆ. ಆನ್ ಇಟ್ಟುಕೊಂಡೇ ಹಳೇ ಸೆಲ್ ಬಿಚ್ಚಿ ಹೊಸದು ಬೆಸೆದರೆ ಮುಗೀತು.

ಮಿಲಿವೋಲ್ಟ್:
ಸಿಗುತ್ತೆ, ನಿಜ. ಆದರೆ ಒಳ್ಳೆ ಸೋಲ್ಡರಿಂಗ್ ಸ್ಟೇಷನ್‌ನ ತುದಿ ಅರ್ಥ್ ಆಗಿರುತ್ತೆ. ಮೀಟರ್ ಪ್ಲಗ್‌ನಲ್ಲಿದ್ದು, ಸರ್ಕ್ಯೂಟಿನ ಗ್ರೌಂಡ್ ಚಾಸಿಗೆ ಸೇರಿದ್ದರೆ, ಪ್ಲಸ್ ಕಾಲಿಗೆ ತುದಿ ತಗುಲಿದ ಕ್ಷಣವೇ ಶಾರ್ಟ್. ಅದೂ ಅಲ್ಲದೆ ಮುಚ್ಚಳ ತೆಗೆದ ಪೆಟ್ಟಿಗೆಯಲ್ಲಿ 230 ವೋಲ್ಟ್ ಓಡಾಡುತ್ತಿರುವಾಗ ಕೈ ಹಾಕೋದು ಯಾವ ಉಳಿತಾಯಕ್ಕೆ?

ಮೀಟರಿನ ಪ್ಲಗ್ ಕಿತ್ತಿಡಿ. ಬದಲಿಸುವಷ್ಟು ಹೊತ್ತಿನ ಆಸರೆಗೆ ಎರಡು ಎಎ ಸೆಲ್ ಸರಣಿಯಲ್ಲಿ, ಜೊತೆಗೆ 1 ಕಿಲೋಓಮ್ ರೆಸಿಸ್ಟರ್, ಹಳೇ ಸೆಲ್‌ಗೆ ಸಮಾಂತರವಾಗಿ. ಮೊಸಳೆ ಕ್ಲಿಪ್ ಜಾರುತ್ತೆ, ತೆಳು ವೈರು ಬೆಸೆಯೋದೇ ವಾಸಿ. ಐರನ್ ಕಾದ ಮೇಲೆ ಅದರ ಪ್ಲಗ್ಗನ್ನೂ ಕಿತ್ತು ಆಮೇಲೆ ಮುಟ್ಟಿಸಿ. ರ‍್ಯಾಮ್ ಎಳೆಯೋದು ಮೈಕ್ರೋಆಂಪ್‌ಗಳಲ್ಲಿ, ಹಾಗಾಗಿ ರೆಸಿಸ್ಟರಿನಲ್ಲಿ ಬೀಳೋ ವೋಲ್ಟೇಜ್ ಲೆಕ್ಕಕ್ಕಿಲ್ಲ. ಹೊಸ ಸೆಲ್‌ನೊಳಕ್ಕೆ ಕರೆಂಟ್ ನುಗ್ಗದಂತೆ ತಡೆಯೋದೂ ಅದೇ.

ಹೊಸದು ಟ್ಯಾಬ್ ಬೆಸೆದು ಬರುವ 3 ವೋಲ್ಟ್ ಲಿಥಿಯಂ ಸೆಲ್ ಆಗಲಿ. ಬರಿ ಸೆಲ್‌ನ ಮೈಮೇಲೆ ಸೋಲ್ಡರ್ ಮಾಡಬೇಡಿ. ಸಿಆರ್2032 ಹೋಲ್ಡರ್ ಕೂಡ ನಡೆಯುತ್ತೆ, ಆದರೆ ಸ್ಪ್ರಿಂಗ್ ಸಡಿಲವಾದರೆ ಕ್ಯಾಲಿಬ್ರೇಷನ್ ಗೋವಿಂದ. ರೀಚಾರ್ಜ್ ಆಗುವ ಎಲ್ಐಆರ್2032 ಬೇಡವೇ ಬೇಡ, ಅದರ ವೋಲ್ಟೇಜೇ ಬೇರೆ.

ಓಮ್‌ಪ್ರಿಯ:
ಡಂಪ್ ಬಂತು. ಮೂರು ಸಲ ಓದಿದರೂ ಒಂದೇ ಥರ. ಆದರೆ ದಾಖಲೆ 1, 3, 4 ಮಾತ್ರ 255ಕ್ಕೆ ಕೂಡ್ತಿಲ್ಲ. ರ‍್ಯಾಮ್ ಕೆಟ್ಟಿದೆಯಾ?

ಗ್ರೌಂಡ್‌ಲೂಪ್:
ರ‍್ಯಾಮ್ ಸರಿಯಾಗೇ ಇದೆ, ಸ್ಕ್ರಿಪ್ಟ್ ನೋಡಿ. 10, 13, 27, 43 ಈ ನಾಲ್ಕು ಬೈಟ್‌ಗಳನ್ನು ಅಡಾಪ್ಟರ್ ಮೀಟರಿಗೆ ದಾಟಿಸದೆ ತನಗೇ ಬಂದ ಸೂಚನೆ ಅಂದುಕೊಳ್ಳುತ್ತೆ: ಸಾಲಿನ ಕೊನೆ ಎರಡು, ಎಸ್ಕೇಪ್, ಮತ್ತು ಪ್ಲಸ್ ಚಿಹ್ನೆ. 10 ಮತ್ತು 13 ಬರೋದು ಮೊದಲ ದಾಖಲೆಯಲ್ಲಿ, 27 ಮೂರನೆಯದರಲ್ಲಿ, 43 ನಾಲ್ಕನೆಯದರಲ್ಲಿ. ನಿಮ್ಮ ಲಕ್ಷಣಕ್ಕೆ ಕರೆಕ್ಟಾಗಿ ಕೂರುತ್ತೆ. ಈ ನಾಲ್ಕು ವಿಳಾಸಗಳಿಗೆ ಮೊದಲು ಒಂದು 27 ಬೈಟ್ ಸೇರಿಸಿ ಕಳಿಸಿ.

ಇನ್ನು 10.0037ರ ವಿಷಯ. ಎಡಿ584ರಲ್ಲಿ ಜೆ ದರ್ಜೆಯ ಚಿಪ್‌ಗೆ 10 ವೋಲ್ಟಿನಲ್ಲಿ 30 ಮಿಲಿವೋಲ್ಟ್ ಆಚೀಚೆ ಇರೋಕೆ ಅನುಮತಿ ಇದೆ, ಎಲ್ ದರ್ಜೆಗೂ 5. ನಿಮ್ಮ 3.7 ಮಿಲಿವೋಲ್ಟ್ ವ್ಯತ್ಯಾಸ ಬೋರ್ಡಿನದೇ ಇರಬಹುದು. ಅದನ್ನು ನಂಬಿ ಐದೂವರೆ ಅಂಕಿಯ ಮೀಟರನ್ನು ಹೊಂದಿಸಿದರೆ ಇರೋ ಒಳ್ಳೆ ಕ್ಯಾಲಿಬ್ರೇಷನ್ನನ್ನೂ ಕೆಡಿಸಿದ ಹಾಗೆ. ಕಾಗದದ ಪ್ರಮಾಣ ಬೇಕಿದ್ದರೆ ಪೀಣ್ಯದ ಇಟಿಡಿಸಿ (ಸರ್ಕಾರಿ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಕೇಂದ್ರ) ಅಥವಾ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್.

ಕೆಪಾಸಿಟರ್‌ಗಳನ್ನು ಸಾರಾಸಗಟು ಬದಲಿಸಬೇಡಿ. ಮೊದಲು ಸಪ್ಲೈ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ಸ್ಕೋಪಿನಲ್ಲಿ ನೋಡಿ, ಬೇಕಾದದ್ದಷ್ಟೇ ತೆಗೆಯಿರಿ. 3 ವೋಲ್ಟ್ ರೇಂಜಿನಲ್ಲಿ ಇನ್‌ಪುಟ್ ರೆಸಿಸ್ಟೆನ್ಸ್ 10 ಗಿಗಾಓಮ್ ದಾಟುತ್ತೆ. ಆ ಭಾಗದಲ್ಲಿ ಫ್ಲಕ್ಸ್ ಅಥವಾ ಬೆರಳಿನ ಜಿಡ್ಡು ಉಳಿದರೆ ಅದೇ ಸೋರಿಕೆಯ ದಾರಿ. ಐಸೊಪ್ರೊಪೈಲ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಮೇನ್ಸ್ ಕಡೆ ಹಳದಿ ಪಾರದರ್ಶಕ ರೀಫಾ ಪೇಪರ್ ಕೆಪಾಸಿಟರ್ ಕಂಡರೆ ಮಾತ್ರ ಯೋಚಿಸದೆ ಕಿತ್ತುಹಾಕಿ. ಬಿರುಕಿನಿಂದ ತೇವ ಹೀರಿ ಒಂದು ದಿನ ಹೊಗೆ ಕಾರುತ್ತೆ. ಲೈನ್ ಮತ್ತು ನ್ಯೂಟ್ರಲ್ ನಡುವೆ ಎಕ್ಸ್2 ದರ್ಜೆಯ ಕೆಪಾಸಿಟರ್, ಅರ್ಥ್‌ಗೆ ಹೋಗೋದು ವೈ2, ಅದಲು ಬದಲು ಮಾಡಬೇಡಿ. ವೋಲ್ಟೇಜ್ ಸೆಲೆಕ್ಟರ್ 240ರಲ್ಲಿರಲಿ.

ಓಮ್‌ಪ್ರಿಯ:
27 ಸೇರಿಸಿದ ಮೇಲೆ ಮೂರೂ ದಾಖಲೆ ಹೊಂದಿದವು. ಅಕಸ್ಮಾತ್ ಸೆಲ್ ಬದಲಿಸುವಾಗ ಮೆಮೊರಿ ಅಳಿಸಿಹೋದರೆ ವಾಪಸ್ ಬರೆಯೋದು?

ಮಿಲಿವೋಲ್ಟ್:
‘ಎಕ್ಸ್’ ಅಕ್ಷರ, ವಿಳಾಸ, ಡೇಟಾ, ಇದೇ ಕ್ರಮ. ಕ್ಯಾಲ್ ಎನೇಬಲ್ ತಿರುಗಿಸೋದು ಆಗ ಮಾತ್ರ. ಮೊದಲು 27 ಸೇರಿಸೋ ಎಸ್ಕೇಪ್ ನಿಯಮ ಇಲ್ಲೂ ಇದೆ. ಬರೆದಾದ ಮೇಲೆ ಸ್ವಿಚ್ ಹಿಂದಕ್ಕೆ ತಿರುಗಿಸಿ, ಮತ್ತೆ 256 ಜಾಗವನ್ನೂ ಓದಿ ಮೊದಲಿನ ಫೈಲಿಗೆ ತಾಳೆ ನೋಡಿ. 0ನೇ ಜಾಗ ಮಾತ್ರ ಬೇರೆ ಬಂದರೆ ಗಾಬರಿ ಬೇಡ, ಸ್ವಿಚ್ ಯಾವ ಕಡೆ ಇದೆ ಅಂತ ಪರೀಕ್ಷಿಸೋಕೆ ಪ್ರೊಸೆಸರ್ ಬಳಸೋ ಜಾಗ ಅದು.