ರಾತ್ರಿ ಅಳುವ ಮರಿ, ಹಗಲು ಒದ್ದೆಯಾಗುವ ಕಾಲೊರಸು

ಪ್ರಶ್ನೆ

ಒಂಬತ್ತು ವಾರದ ಹೆಣ್ಣು ನಾಯಿಮರಿಯೊಂದು ನಮ್ಮ ಮನೆಗೆ ಬಂದು ಇಂದಿಗೆ ಐದು ದಿನ. ಹಗಲೆಲ್ಲ ಆಡಿ, ಉಂಡು, ನಮ್ಮ ಕಾಲ ಬಳಿಯೇ ನಿದ್ದೆ ಹೋಗುವ ಅದು, ರಾತ್ರಿ ದೀಪ ಆರಿಸಿದೊಡನೆ ಅಳಲು ತೊಡಗುತ್ತದೆ. ಅದನ್ನು ಹಜಾರದ ಬುಟ್ಟಿಯಲ್ಲಿ ಮಲಗಿಸಿ ನಾವು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇವೆ. ಅತ್ತಾಗಲೆಲ್ಲ ಎತ್ತಿಕೊಂಡರೆ ಅದೇ ಚಾಳಿಯಾಗುತ್ತದೆಂದು ಕೆಲವರು ಹೇಳಿದ್ದರಿಂದ ಮನಸ್ಸು ಕಲ್ಲು ಮಾಡಿಕೊಂಡು ಸುಮ್ಮನಿದ್ದೇವೆ. ಇದರ ಜೊತೆಗೆ, ಅಂಗಳದಲ್ಲಿ ಕಾಲು ಗಂಟೆ ತಿರುಗಾಡಿಸಿದರೂ ಏನನ್ನೂ ಮಾಡದ ಮರಿ, ಒಳಗೆ ಬಂದ ಮರುಕ್ಷಣ ಬಾಗಿಲ ಬಳಿಯ ಕಾಲೊರಸಿನ ಮೇಲೆ ಮೂತ್ರ ಮಾಡುತ್ತದೆ. ಮೂತಿಯನ್ನು ಅಲ್ಲಿಗೇ ಒತ್ತಿ ಗದರಿಸಬೇಕೆಂಬುದು ಮನೆಯ ಹಿರಿಯರ ಸಲಹೆ. ನನಗೆ ಅದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಮೊನ್ನೆಮೊನ್ನೆಯವರೆಗೂ ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಒಡಹುಟ್ಟಿದ ಮರಿಗಳ ನಡುವೆ ಮಲಗುತ್ತಿದ್ದ ಜೀವ ಅದು. ಅದರ ಅಳು ಹಟವಲ್ಲ, ಭಯ. ಬುಟ್ಟಿಯನ್ನು ಇಂದೇ ನಿಮ್ಮ ಮಂಚದ ಪಕ್ಕಕ್ಕೆ, ಕೈ ಇಳಿಬಿಟ್ಟರೆ ತಾಗುವಷ್ಟು ಹತ್ತಿರಕ್ಕೆ ತನ್ನಿ. ಅದು ನೆಮ್ಮದಿಯಿಂದ ಮಲಗತೊಡಗಿದ ಮೇಲೆ ದಿನಕ್ಕೆ ಒಂದೊಂದು ಹೆಜ್ಜೆ ಬಾಗಿಲ ಕಡೆಗೆ ಸರಿಸಬಹುದು. ನಮ್ಮ ಮರಿ ಮೊದಲ ವಾರ ನನ್ನ ಎರಡು ಬೆರಳುಗಳ ಮೇಲೆ ಗದ್ದವಿಟ್ಟು, ದೊಡ್ಡವರಂತೆ ನಿಟ್ಟುಸಿರು ಬಿಟ್ಟ ಮೇಲೆಯೇ ಮಲಗುತ್ತಿತ್ತು. ಕೈ ಜೋಮು ಹಿಡಿಯುತ್ತಿತ್ತು, ಅದು ಬೇರೆ ಮಾತು.

ಮಲಗಿದ್ದ ಮರಿ ನಡುರಾತ್ರಿ ಎದ್ದು, ಸುತ್ತು ತಿರುಗಿ, ಬುಟ್ಟಿಯ ಅಂಚನ್ನು ಕೆರೆದು ಅತ್ತರೆ ಅದು ಹೊರಗೆ ಹೋಗಬೇಕೆಂಬ ಸೂಚನೆ. ಆಗ ಮಾತು, ಆಟ ಯಾವುದೂ ಇಲ್ಲದೆ, ಮಂದ ಬೆಳಕಿನಲ್ಲೇ ಕರೆದೊಯ್ದು, ಕೆಲಸ ಮುಗಿದೊಡನೆ ಮತ್ತೆ ಮಲಗಿಸಿ. ಅದು ಏಳುವ ಹೊತ್ತು ಗೊತ್ತಾದ ಮೇಲೆ, ಅದಕ್ಕಿಂತ ಕಾಲು ಗಂಟೆ ಮೊದಲಿಗೆ ಅಲಾರಂ ಇಟ್ಟುಕೊಂಡರೆ ಅಳುವ ಪ್ರಸಂಗವೇ ಬರುವುದಿಲ್ಲ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಕಾಲೊರಸಿನ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳ ಮರಿ ಹಗಲಿನಲ್ಲಿ ಹೆಚ್ಚೆಂದರೆ ಎರಡು ಮೂರು ಗಂಟೆ ತಡೆದುಕೊಳ್ಳಬಲ್ಲದು, ಆಟದ ಭರದಲ್ಲಿ ಅಷ್ಟೂ ಇಲ್ಲ. ಆದ್ದರಿಂದ ನಿದ್ದೆಯಿಂದ ಎದ್ದಾಗ, ಉಂಡ ಸ್ವಲ್ಪ ಹೊತ್ತಿಗೆ, ಆಟದ ನಡುವೆ, ಉಳಿದಂತೆ ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು.

ನೀವು ತಿರುಗಾಡಿಸುವುದೇ ಇಲ್ಲಿ ತೊಡಕಾಗಿದೆ ಎಂದು ನನಗನ್ನಿಸುತ್ತದೆ. ಹುಳು, ಎಲೆ, ವಾಸನೆಗಳ ಸಂಭ್ರಮದಲ್ಲಿ ಅದಕ್ಕೆ ಮೂತ್ರದ ನೆನಪೇ ಆಗುವುದಿಲ್ಲ, ಒಳಗೆ ಬಂದಾಗ ಆಗುತ್ತದೆ. ಪಟ್ಟಿ ಹಿಡಿದು ಪ್ರತಿ ಸಲವೂ ಒಂದೇ ಜಾಗದಲ್ಲಿ ಐದು ನಿಮಿಷ ಕಂಬದಂತೆ ನಿಲ್ಲಿ. ಮಾಡದಿದ್ದರೆ ಒಳಗೆ ತಂದು, ನೆಲಕ್ಕೆ ಬಿಡದೆ ಮಡಿಲಲ್ಲಿಟ್ಟುಕೊಂಡು, ಹತ್ತು ನಿಮಿಷದ ಬಳಿಕ ಮತ್ತೆ ಹೋಗಿ. ಮಾಡಿದರೆ ಅಲ್ಲೇ, ಆ ಕ್ಷಣದಲ್ಲೇ ತಿಂಡಿ ಕೊಟ್ಟು ಹೊಗಳಿ. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಬಾಗಿಲು ದಾಟಿದ್ದಕ್ಕೆ ಸಿಕ್ಕ ಬಹುಮಾನವೆಂದು ಅದು ತಿಳಿಯುತ್ತದೆ. ಹಗಲಿನಲ್ಲಾದರೆ ಆಮೇಲೆ ಸ್ವಲ್ಪ ಆಡಲು ಬಿಡಿ, ಇಲ್ಲವಾದರೆ ಮೂತ್ರ ಮಾಡಿದೊಡನೆ ಸುತ್ತಾಟ ಮುಗಿಯುತ್ತದೆಂದು ತಡೆದುಕೊಳ್ಳುವುದನ್ನು ಕಲಿಯುತ್ತದೆ.

ಮೂತಿ ಒತ್ತುವುದು ಬೇಡವೇ ಬೇಡ. ಮನುಷ್ಯರ ಕಣ್ಣೆದುರು ಮೂತ್ರ ಮಾಡುವುದು ಅಪಾಯವೆಂಬುದಷ್ಟನ್ನೇ ಅದು ಕಲಿತು, ಸೋಫಾದ ಹಿಂದೆ ಮಾಡುತ್ತದೆ. ಹೊರಗೆ ನಿಮ್ಮೆದುರು ಮಾಡಲೂ ಹೆದರುತ್ತದೆ. ಮೆತ್ತಗೆ ಹೀರಿಕೊಳ್ಳುವ ಕಾಲೊರಸನ್ನು ಕೆಲವು ವಾರ ತೆಗೆದಿಡಿ, ನೆಲವನ್ನು ಕಿಣ್ವವಿರುವ (ಎನ್‌ಜೈಮ್, ಮೂತ್ರದ ವಾಸನೆಯನ್ನು ಒಡೆದುಹಾಕುವ ವಸ್ತು) ಶುಚಿಕಾರಕದಿಂದ ಒರೆಸಿ. ಅಮೋನಿಯಾ ಇರುವ ದ್ರಾವಣ ಮೂತ್ರದ ವಾಸನೆಯನ್ನೇ ನೆನಪಿಸಿ ಮತ್ತೆ ಅಲ್ಲಿಗೇ ಕರೆಯಬಹುದು.

ಮೂರನೆಯ ಉತ್ತರ

ಪದೇಪದೇ ತೊಟ್ಟುತೊಟ್ಟಾಗಿ ಮಾಡುತ್ತಿದ್ದರೆ, ತಿಣುಕುತ್ತಿದ್ದರೆ ಅಥವಾ ರಕ್ತ ಕಂಡರೆ ಅದು ಮೂತ್ರನಾಳದ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ. ರಾತ್ರಿ ಏಳಬಾರದೆಂದು ದಿನವಿಡೀ ನೀರು ತಪ್ಪಿಸಬೇಡಿ, ಕೊನೆಯ ಊಟವನ್ನು ತುಸು ಮುಂಚೆ ಕೊಟ್ಟರೆ ಸಾಕು. ಲಸಿಕೆಗಳು ಪೂರ್ಣಗೊಳ್ಳುವವರೆಗೆ ಬೇರೆ ನಾಯಿಗಳು ಓಡಾಡುವ ಜಾಗಕ್ಕೆ ಒಯ್ಯಬೇಡಿ, ಮರಿಗಳಿಗೆ ಮಾರಕವಾಗಬಲ್ಲ ವಾಂತಿಭೇದಿ ತರುವ ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಬುಟ್ಟಿಯನ್ನು ಕೋಣೆಗೆ ತಂದೆವು. ಹತ್ತು ನಿಮಿಷ ಕುಂಯ್‌ಗುಟ್ಟಿ ಮಲಗಿದ ಮರಿ, ಎರಡು ಗಂಟೆಗೆ ಎದ್ದಾಗ ಅಂಗಳಕ್ಕೆ ಒಯ್ದರೆ ಅರೆನಿದ್ದೆಯಲ್ಲೇ ಕೆಲಸ ಮುಗಿಸಿತು. ಕಾಲೊರಸು ಒಗೆದು ಅಟ್ಟ ಸೇರಿದೆ. ಕಾಲು ಎಲ್ಲಿ ಒರೆಸಿಕೊಳ್ಳಲಿ ಎಂದು ಹಿರಿಯರು ಬೆಳಗಿನಿಂದ ಕೇಳುತ್ತಿದ್ದಾರೆ.